ಇಳಿಯುವ ಜಾಗದಿಂದ ಹಿಂದಕ್ಕೆ: ಡ್ರಾಪ್, ಜಂಪ್‌ಗಳಲ್ಲಿ ಲೈನ್ ಆರಿಸುವ ಬಗೆ

(ಚಿಕ್ಕಬಳ್ಳಾಪುರದಲ್ಲಿ ಮೌಂಟನ್ ಬೈಕ್ ಸವಾರರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಬೋರ್ಡಿನ ಮೇಲೆ ಹಾಕಿ ತೋರಿಸಿದ ಲೆಕ್ಕಗಳನ್ನು ಮಾತಿನ ಜೊತೆಯಲ್ಲೇ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ. ಬಂದವರಲ್ಲಿ ಅರ್ಧದಷ್ಟು ಜನ ಬೆಳಗ್ಗೆಯೇ ನಂದಿ ಹತ್ತಿ ಇಳಿದು ಬಂದಿದ್ದೀರಿ ಅಂತ ಬಟ್ಟೆ ನೋಡಿದರೇ ಗೊತ್ತಾಗುತ್ತದೆ. ಹಾಗಾಗಿ ಪೀಠಿಕೆ ಬೇಡ, ನೇರ ವಿಷಯಕ್ಕೆ ಬರೋಣ.

2021ರ ಜುಲೈ 26, ಟೋಕಿಯೋ ಒಲಿಂಪಿಕ್ಸ್‌ನ ಪುರುಷರ ಮೌಂಟನ್ ಬೈಕ್ ಕ್ರಾಸ್‌ಕಂಟ್ರಿ ರೇಸು. ಇಝು ಎಂಬಲ್ಲಿ ಟ್ರ್ಯಾಕು. ಮೊದಲ ಸುತ್ತಿನಲ್ಲೇ ನೆದರ್ಲೆಂಡ್ಸ್‌ನ ಮಾಥ್ಯೂ ವಾನ್ ಡರ್ ಪೂಲ್ ಒಂದು ದೊಡ್ಡ ಬಂಡೆಯಿಂದ ಇಳಿಯುವಾಗ ಹ್ಯಾಂಡಲ್ ಮೇಲಿಂದ ಮುಂದಕ್ಕೆ ಮಗುಚಿದರು. ಅವರು ಅಭ್ಯಾಸ ಮಾಡಿದಾಗ ಬಂಡೆಯ ಕೆಳಗೆ ಹಲಗೆಯ ಇಳಿಜಾರು ಇತ್ತು. ರೇಸಿನ ದಿನ ಅದನ್ನು ತೆಗೆದಿದ್ದರು, ಆ ಸಂಗತಿ ಅವರಿಗೆ ತಿಳಿದಿರಲಿಲ್ಲ. ಹಲಗೆ ಇದೆ ಎಂದುಕೊಂಡು ಮುಂಚಕ್ರವನ್ನು ಅದರ ಮೇಲೆ ಉರುಳಿಸುವ ಭಂಗಿಯಲ್ಲಿ ಬಂದರು. ಚಕ್ರದ ಕೆಳಗೆ ಇದ್ದದ್ದು ಬರೀ ಗಾಳಿ. ಕಸುವಿನಲ್ಲಿ ಅವರಿಗೆ ಕಮ್ಮಿ ಏನಿತ್ತು? ತೋಳೂ ಕಾಲೂ ಹೇಳಿದ ಹಾಗೆ ಕೇಳಿದವು. ತಪ್ಪಿದ್ದು ಇಳಿಯುವ ಜಾಗದ ಬಗ್ಗೆ ತಲೆಯಲ್ಲಿದ್ದ ಚಿತ್ರ.

ಇವತ್ತು ಹೇಳಬೇಕಾದ್ದು ಇದೇ. ಲೈನ್ ಎಂದರೆ ಸೈಕಲ್ ಹಿಡಿಯುವ ಗೆರೆ, ಡ್ರಾಪ್ ಎಂದರೆ ನೆಲ ಥಟ್ಟನೆ ಕೆಳಗಿಳಿಯುವ ಅಂಚು. ಲೈನ್ ಆರಿಸುವಾಗ ಬಹುತೇಕ ಸವಾರರು ಅಂಚಿನಲ್ಲಿ ನಿಂತು ಕೆಳಗೆ ಬಗ್ಗಿ ನೋಡುತ್ತಾರೆ. ಅಲ್ಲಿಂದ ಕಾಣುವುದು ಎತ್ತರ ಮಾತ್ರ, ಜೊತೆಗೆ ಸಿಗುವುದು ಭಯ. ಓದು ಶುರುವಾಗಬೇಕಾದ್ದು ಕೆಳಗಿನಿಂದ: ಮೊದಲು ಮುಂದಿನ ತಿರುವು, ಆಮೇಲೆ ಚಕ್ರ ನೆಲ ಮುಟ್ಟುವ ಜಾಗ, ಆಮೇಲೆ ಅಂಚು, ಕೊನೆಗೆ ಬ್ರೇಕ್ ಬಿಡುವ ಜಾಗ. ಸೈಕಲ್ ಹೋಗುವ ದಿಕ್ಕಿಗೆ ಪೂರ್ತಿ ಉಲ್ಟಾ.

ನಮ್ಮ ನೆಲವನ್ನು ಮೊದಲು ನೋಡಿಬಿಡೋಣ. ನಂದಿ, ಸ್ಕಂದಗಿರಿ, ಆವಲಬೆಟ್ಟದ ಬುಡ, ಕೋಲಾರದ ಅಂತರಗಂಗೆ, ತುಮಕೂರು ಕಡೆ ದೇವರಾಯನದುರ್ಗ, ಎಲ್ಲಿ ಹೋದರೂ ಗ್ರಾನೈಟ್ ಬಂಡೆ, ಅದು ಸವೆದು ಉದುರಿದ ಗರಸು, ಮಧ್ಯೆ ಮಧ್ಯೆ ನೀಲಗಿರಿ ತೋಪು. ಒಣ ಹಾಸುಬಂಡೆ ಟೈರನ್ನು ಚೆನ್ನಾಗಿ ಹಿಡಿಯುತ್ತದೆ. ಅದೇ ಬಂಡೆಯ ಮೇಲೆ ರಾಗಿಕಾಳಿನಷ್ಟು ಗರಸು ಹರಡಿದ್ದರೆ ಹಿಡಿತ ಹೋಯಿತು. ಸುಗ್ಗಿಯಲ್ಲಿ ಒಕ್ಕಣೆಗೆಂದು ರಾಗಿ ತೆನೆ ಹಾಸಿದ ಟಾರು ರಸ್ತೆಯಲ್ಲಿ ಬ್ರೇಕ್ ಹಿಡಿದು ಜಾರಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀಲಗಿರಿ ತೋಪಿನದು ಬೇರೆ ತರಲೆ. ಒಣಗಿದ ಎಲೆ, ಸುಲಿದ ತೊಗಟೆ ಸೇರಿ ಹಾಸಿಗೆ ಹಾಸಿದಂತಿರುತ್ತದೆ, ಅದರಡಿ ಬೇರಿದೆಯೋ ಕೊರಕಲಿದೆಯೋ ಕಾಣುವುದಿಲ್ಲ. ಟ್ರ್ಯಾಕಿನ ಮೇಲೆ ನಡೆದು ನೋಡುವಾಗ ಇಳಿಯುವ ಜಾಗದ ಎಲೆಯನ್ನು ಕಾಲಿನಿಂದ ಸರಿಸಿ ನೆಲ ನೋಡಲೇಬೇಕು. ಮುಂಗಾರಿನ ಕೊನೆ ಕೊನೆಗೆ ನಮ್ಮಲ್ಲಿ ಜೋರು ಮಳೆ. ಹೋದ ತಿಂಗಳು ಇಲ್ಲದ ಕೊರಕಲು ಈ ತಿಂಗಳು ಇರುತ್ತದೆ.

ಈಗ ಅಳತೆ. ಟೇಪು ಬೇಕಿಲ್ಲ, ಸೈಕಲ್ಲೇ ಅಳತೆಗೋಲು. 29 ಇಂಚಿನ ಚಕ್ರ ಟೈರ್ ಸಮೇತ ಸುಮಾರು 74 ಸೆಂ.ಮೀ. ಎತ್ತರ. ಮುಂದಿನ ಆಕ್ಸಲ್‌ನಿಂದ ಹಿಂದಿನ ಆಕ್ಸಲ್‌ಗೆ ಹೆಚ್ಚುಕಮ್ಮಿ 1.2 ಮೀಟರ್. ಡ್ರಾಪ್ ಬುಡದಲ್ಲಿ ಸೈಕಲ್ ನಿಲ್ಲಿಸಿದರೆ ಎತ್ತರ ತಿಳಿಯಿತು, ಇಳಿಜಾರಿನ ಮೇಲೆ ಉದ್ದಕ್ಕೆ ಇಟ್ಟುಕೊಂಡು ಹೋದರೆ ಉದ್ದ ತಿಳಿಯಿತು. ವೇಗಕ್ಕೆ ಅಂಚಿನ ಹಿಂದೆ 10 ಮೀಟರ್ ಅಂತರದಲ್ಲಿ ಎರಡು ಕಲ್ಲಿಟ್ಟು ಗೆಳೆಯರ ಕೈಯಲ್ಲಿ ಮೊಬೈಲ್ ವಿಡಿಯೋ ತೆಗೆಸಿ. 2 ಸೆಕೆಂಡಿನಲ್ಲಿ ದಾಟಿದರೆ ಗಂಟೆಗೆ 18 ಕಿ.ಮೀ., 1.2 ಸೆಕೆಂಡಾದರೆ 30 ಕಿ.ಮೀ. ಹ್ಯಾಂಡಲ್ ಮೇಲಿನ ಮೀಟರ್ ನಂಬಬೇಡಿ. ಅಂಥ ಗಳಿಗೆಯಲ್ಲಿ ಅದನ್ನು ನೋಡಲು ಕಣ್ಣಿಗೆ ಪುರುಸೊತ್ತಿರುವುದಿಲ್ಲ, ಇರಲೂಬಾರದು.

ಸಮತಟ್ಟಾದ ಅಂಚಿನಿಂದ ಹೊರಟ ಸೈಕಲ್ 1 ಮೀಟರ್ ಇಳಿಯಲು 0.45 ಸೆಕೆಂಡ್ ಬೇಕು. ವೇಗ ಎಷ್ಟೇ ಇರಲಿ, ಈ ಸಮಯ ಬದಲಾಗುವುದಿಲ್ಲ. ಬದಲಾಗುವುದು ದೂರ: 20 ಕಿ.ಮೀ. ವೇಗದಲ್ಲಿ 2.5 ಮೀಟರ್, 30ರಲ್ಲಿ 3.8 ಮೀಟರ್ ಹತ್ತಿರ. ಅಂದರೆ ಇಳಿಯುವ ಜಾಗವನ್ನು ನಾವು ಆರಿಸುವುದು ವೇಗದಿಂದ. ಲೈನ್ ಎಂದರೆ ನೆಲದ ಮೇಲಿನ ಗೆರೆ ಒಂದೇ ಅಲ್ಲ, ಆ ಗೆರೆಗೆ ಒಂದು ವೇಗವೂ ಅಂಟಿಕೊಂಡಿರುತ್ತದೆ. ಪಕ್ಕದವನ ಗೆರೆ ಹಿಡಿದು ನಮ್ಮ ವೇಗದಲ್ಲಿ ಹೋದರೆ ಅದು ಬೇರೆಯೇ ಲೈನ್.

ಒಂದು ಡ್ರಾಪನ್ನು ಹತ್ತಿರದಿಂದ ನೋಡೋಣ. ನಮ್ಮ ತೋಪುಗಳಲ್ಲಿ ಇಂಥವು ಬೇಕಾದಷ್ಟಿವೆ. ಮೂರು ಮಾರು ಅಗಲದ ಹಾಸುಬಂಡೆ, ಅಂಚಿನವರೆಗೆ ಸಮತಟ್ಟು. ಎಡಗಡೆ 70 ಸೆಂ.ಮೀ. ಇಳಿತ. ಅದರ ಬುಡದಿಂದಲೇ ಸುಮಾರು 20 ಡಿಗ್ರಿ ಓರೆಯ ಇಳಿಜಾರು 4 ಮೀಟರ್, ಆಮೇಲೆ ಸಮನೆಲ. ನಡುವೆ 45 ಸೆಂ.ಮೀ. ಮಾತ್ರ, ಆದರೆ ಎರಡೂವರೆ ಮೀಟರ್ ಮುಂದೆ ಅರ್ಧ ಹೂತ ಗುಂಡುಕಲ್ಲು, ಅದರ ಸುತ್ತ ಸಡಿಲ ಗರಸು. ಬಲಗಡೆ ಡ್ರಾಪೇ ಇಲ್ಲ, ಉರುಳಿಸಿಕೊಂಡು ಇಳಿಯಬಹುದು, ಆದರೆ ಒಂದು ಗೇಣು ಅಗಲದ ಕೊರಕಲು ದಾರಿಗೆ ಓರೆಯಾಗಿ ಬಿದ್ದಿದೆ. ಇಷ್ಟಾದ ಮೇಲೆ ದಾರಿ ಬಲಕ್ಕೆ ತಿರುಗುತ್ತದೆ.

ಹೊಸಬರ ಕಣ್ಣು ನೇರ ನಡುವಿಗೆ ಹೋಗುತ್ತದೆ, ಎತ್ತರ ಕಮ್ಮಿ ಅಂತ. ತಿರುವಿನಿಂದ ಹಿಂದಕ್ಕೆ ಓದಿ ನೋಡಿ. ಬಲ ತಿರುವಿಗೆ ಎಡ ಹೊರಬದಿಯಿಂದ ನುಗ್ಗಿದರೆ ಅಗಲವಾಗಿ ತಿರುಗಬಹುದು, ಬ್ರೇಕ್ ಕಮ್ಮಿ ಸಾಕು, ಹೊರಬರುವಾಗ ವೇಗ ಉಳಿದಿರುತ್ತದೆ. ನಡುವಿನಿಂದ ಇಳಿದವನು ಕಲ್ಲು ತಪ್ಪಿಸಲು ಬಲಕ್ಕೆ ಸರಿಯಬೇಕು, ಸರಿದರೆ ತಿರುವಿನ ಒಳಮೂಲೆಗೆ ಸಿಕ್ಕಿಕೊಳ್ಳುತ್ತಾನೆ, ಅಲ್ಲಿ ಗರಸಿನ ಮೇಲೆ ಬ್ರೇಕ್ ಹಿಡಿಯಲೇಬೇಕು. ಆದ್ದರಿಂದ ಎಡವೇ ಸರಿ. ಆದರೆ ಯಾವ ವೇಗಕ್ಕೆ?

18 ಕಿ.ಮೀ. ವೇಗದಲ್ಲಿ ಚಕ್ರ ಇಳಿಜಾರನ್ನು ಮುಟ್ಟುವುದು ಅಂಚಿನಿಂದ 3 ಮೀಟರ್ ಆಚೆ. ಇಳಿಜಾರು ಇರುವುದು 4 ಮೀಟರ್, ಒಂದು ಮೀಟರ್ ಕೈಯಲ್ಲಿ ಉಳಿಯಿತು. 70 ಸೆಂ.ಮೀ. ಎತ್ತರದಿಂದ ಸಮನೆಲಕ್ಕೆ ಬಿದ್ದಾಗ ಎಷ್ಟು ಪೆಟ್ಟೋ ಹೆಚ್ಚುಕಮ್ಮಿ ಅಷ್ಟೇ ಪೆಟ್ಟು. ಈಗ 25 ಕಿ.ಮೀ. ವೇಗದಲ್ಲಿ ಬನ್ನಿ. ಇಳಿಜಾರು ಮುಗಿದುಹೋಗುತ್ತದೆ, ಸೈಕಲ್ ಅದನ್ನು ಮುಟ್ಟದೆ ನಾಲ್ಕೂವರೆ ಮೀಟರ್ ಆಚೆಗೆ ಹೋಗಿ ಸಮನೆಲಕ್ಕೆ ಅಪ್ಪಳಿಸುತ್ತದೆ. ಅಷ್ಟರಲ್ಲಿ ಅದು ಇಳಿದಿರುವುದು 70 ಸೆಂ.ಮೀ. ಅಲ್ಲ, 2 ಮೀಟರಿಗೂ ಮೇಲೆ. ಡ್ರಾಪ್ ಅದೇ, ಗೆರೆ ಅದೇ, 7 ಕಿ.ಮೀ. ವೇಗ ಜಾಸ್ತಿಯಾದದ್ದಕ್ಕೆ ಪೆಟ್ಟು ಮೂರು ಪಟ್ಟಿನ ಎತ್ತರದ್ದು. ಡ್ರಾಪ್‌ನ ಎತ್ತರವನ್ನು ಬುಡದಲ್ಲಿ ಅಳೆದರೆ ಸಾಲದು, ನಿಮ್ಮ ವೇಗಕ್ಕೆ ಚಕ್ರ ಎಲ್ಲಿ ಮುಟ್ಟುತ್ತದೋ ಅಲ್ಲಿ ಅಳೆಯಬೇಕು ಎನ್ನುವುದು ಇದಕ್ಕೇ.

ಹಾಗಾದರೆ ನಿಧಾನ ಹೋದರೆ ಕ್ಷೇಮವೇ? ಅದೂ ಅಲ್ಲ. ಮುಂಚಕ್ರ ಅಂಚು ದಾಟಿದ ಮೇಲೆ ಹಿಂಚಕ್ರ ದಾಟುವವರೆಗೆ ಮುಂಭಾಗಕ್ಕೆ ಆಸರೆ ಇಲ್ಲ. 1.2 ಮೀಟರ್ ಅಂತರ ದಾಟಲು 20 ಕಿ.ಮೀ. ವೇಗದಲ್ಲಿ 0.22 ಸೆಕೆಂಡ್ ಸಾಕು, 10 ಕಿ.ಮೀ. ವೇಗದಲ್ಲಿ 0.43 ಸೆಕೆಂಡ್ ಬೇಕು. ಸವಾರ ಏನೂ ಮಾಡದಿದ್ದರೆ ಅಷ್ಟರಲ್ಲಿ ಮುಂಚಕ್ರ ಮೊದಲನೆಯದರಲ್ಲಿ ಸುಮಾರು 23 ಸೆಂ.ಮೀ., ಎರಡನೆಯದರಲ್ಲಿ 90 ಸೆಂ.ಮೀ. ಕುಸಿಯಬಹುದು. ಮೂಗು ಕೆಳಗಾಗಿ ಬೀಳುವುದು ಹೀಗೆ. ಕೊನೆ ಗಳಿಗೆಯಲ್ಲಿ ಹೆದರಿ ಬ್ರೇಕ್ ಹಿಡಿದವರೇ ಹೆಚ್ಚಾಗಿ ಮಗುಚುವುದು ಯಾಕೆಂದರೆ ಎರಡು ಕೇಡು ಒಟ್ಟಿಗೆ ಆಗುತ್ತವೆ: ವೇಗ ಇಳಿಯುತ್ತದೆ, ಭಾರವೂ ಮುಂದಕ್ಕೆ ನುಗ್ಗುತ್ತದೆ.

ಆದ್ದರಿಂದ ಬ್ರೇಕ್ ಕೆಲಸ ಅಂಚಿಗೆ 3-4 ಮೀಟರ್ ಮೊದಲೇ ಮುಗಿಯಬೇಕು. ಆ ಜಾಗಕ್ಕೊಂದು ಗುರುತು ಇಟ್ಟುಕೊಳ್ಳಿ. ಮರ, ಹುಟ್ಟುಬಂಡೆಯ ಬಿರುಕು, ಹುತ್ತ ಆಗಬಹುದು. ಬಿದ್ದ ಕೊಂಬೆ, ಯಾರೋ ಬಿಸಾಕಿದ ಬಾಟಲಿ ಆಗದು; ಮಧ್ಯಾಹ್ನದ ಹೊತ್ತಿಗೆ ಅದು ಅಲ್ಲಿರುವುದಿಲ್ಲ. ನೆರಳನ್ನಂತೂ ಗುರುತು ಮಾಡಿಕೊಳ್ಳಲೇಬೇಡಿ. ತೋಪಿನಲ್ಲಿ ಬೆಳಗ್ಗೆ ಏಳಕ್ಕೆ ಬಿದ್ದ ನೆರಳಿನ ಪಟ್ಟೆ ಹತ್ತಕ್ಕೆ ಎಲ್ಲಿಗೋ ಹೋಗಿರುತ್ತದೆ.

ಅಂಚನ್ನು ದಾಟುವ ಕೋನ ಇನ್ನೊಂದು. ಅಂಚಿಗೆ ನೇರ ಅಡ್ಡವಾಗಿ, ಮೂಲೆಮಟ್ಟ ಹಿಡಿದಂತೆ ದಾಟಬೇಕು. ಓರೆಯಾಗಿ ಹೋದರೆ ಚಕ್ರ ಅಂಚಿನುದ್ದಕ್ಕೂ ಜಾರುತ್ತದೆ, ಅದರಲ್ಲೂ ಬಂಡೆ ಒಂದು ಬದಿಗೆ ವಾಲಿದ್ದರೆ ಸೈಕಲ್ ಗಾಳಿಯಲ್ಲೇ ಆ ಬದಿಗೆ ಬಾಗುತ್ತದೆ. ಗಾಳಿಯಲ್ಲಿ ಅದನ್ನು ನೆಟ್ಟಗೆ ಮಾಡುವುದಕ್ಕೆ ಅರ್ಧ ಸೆಕೆಂಡ್ ಸಾಲದು. ನಮ್ಮ ಎಡ ಲೈನಿಗೆ ನೇರ ಸಾಲು ಬೇಕಿದ್ದರೆ ಹತ್ತು ಮೀಟರ್ ಹಿಂದೆಯೇ ಎಡಕ್ಕೆ ಸರಿದಿರಬೇಕು. ಅಂಚಿನ ಹತ್ತಿರ ಸರಿಯುತ್ತೇನೆಂದರೆ ಕೆಟ್ಟಿರಿ.

ಮೈ ಹೇಗಿರಬೇಕು ಎಂಬುದು ಬಹಳ ಜನ ಹೇಳಿಕೊಡುವ ವಿಷಯ, ಬೇಗ ಮುಗಿಸುತ್ತೇನೆ. ಪೆಡಲ್ ಮಟ್ಟ, ಹಿಮ್ಮಡಿ ಕೆಳಗೆ, ಮೊಣಕೈ ಹೊರಗೆ, ಕಣ್ಣು ಇಳಿಯುವ ಜಾಗದ ಆಚೆಗೆ. ಮುಂಚಕ್ರ ಅಂಚು ದಾಟುವ ಹೊತ್ತಿಗೆ ಹ್ಯಾಂಡಲ್ ಅನ್ನು ಮುಂದಕ್ಕೆ ತಳ್ಳಿ, ಸೊಂಟ ಹಿಂದಕ್ಕೆ ಹೋಗಲಿ. ಹ್ಯಾಂಡಲ್ ಅನ್ನು ಮೇಲಕ್ಕೆ ಎಳೆಯುವುದು ತಪ್ಪು; ಎಳೆದಾಗ ತೋಳು ಮಡಚಿಕೊಂಡು ಇಳಿಯುವಾಗ ಬೇಕಾದ ಉದ್ದ ಉಳಿಯುವುದಿಲ್ಲ. ಇಳಿಜಾರಿನ ಮೇಲೆ ಇಳಿಯುವುದಾದರೆ ಎರಡೂ ಚಕ್ರ ಒಟ್ಟಿಗೆ, ಇಲ್ಲವೇ ಮುಂದಿನದು ತುಸು ಮೊದಲು. ಸಮನೆಲವಾದರೆ ಒಟ್ಟಿಗೆ, ಇಲ್ಲವೇ ಹಿಂದಿನದು ತುಸು ಮೊದಲು. ಸೀಟು ಎತ್ತರದಲ್ಲೇ ಇದ್ದರೆ ಸೊಂಟ ಹಿಂದಕ್ಕೆ ಹೋಗಲು ಜಾಗ ಇರುವುದಿಲ್ಲ, ಇಳಿದಾಗ ಸೀಟೇ ಕುಂಡೆಗೆ ಒದ್ದು ಮುಂದಕ್ಕೆ ಎಸೆಯುತ್ತದೆ. ಸವಾರಿಯಲ್ಲೇ ಸೀಟು ಇಳಿಸುವ ಡ್ರಾಪರ್ ಪೋಸ್ಟ್ ಇಲ್ಲದವರು ಇದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಲೈನ್ ಆರಿಸಬೇಕು.

ಜಂಪ್‌ನಲ್ಲಿ ವೇಗದ ತಪ್ಪು ಇನ್ನೂ ದುಬಾರಿ. ಟೇಕ್‌ಆಫ್, ಅಂದರೆ ಹಾರುವ ಮುನ್ನ ಏರುವ ದಿಬ್ಬ, 20 ಡಿಗ್ರಿ ಇದ್ದು, ಹೊರಟ ಮಟ್ಟದಲ್ಲೇ ಇಳಿಯುವುದಾದರೆ 25 ಕಿ.ಮೀ. ವೇಗಕ್ಕೆ ಸುಮಾರು 3.2 ಮೀಟರ್ ಹಾರಾಟ. 30 ಕಿ.ಮೀ.ಗೆ 4.5 ಮೀಟರ್. ವೇಗ ಐದರಲ್ಲೊಂದು ಭಾಗ ಹೆಚ್ಚಿತು, ದೂರ ಹತ್ತಿರತ್ತಿರ ಅರ್ಧ ಹೆಚ್ಚಿತು. ನಡುವೆ ಮಣ್ಣು ತುಂಬಿದ ಟೇಬಲ್‌ಟಾಪ್ ಆಗಿದ್ದರೆ ಕಮ್ಮಿ ಬಿದ್ದರೂ ಮೇಲೆ ಕುಕ್ಕರಿಸುತ್ತೀರಿ, ಅಷ್ಟೆ. ನಡುವೆ ಖಾಲಿ ಇರುವ ಡಬಲ್‌ನಲ್ಲಿ ಕಮ್ಮಿ ಬಿದ್ದರೆ ಚಕ್ರ ಲ್ಯಾಂಡಿಂಗ್ ದಿಬ್ಬದ ನೆತ್ತಿಗೆ ಬಡಿಯುತ್ತದೆ. ಹಿಂಚಕ್ರ ಬಡಿದರೆ ರಿಮ್ ಹೋಯಿತು ಎನ್ನಬಹುದು. ಮುಂಚಕ್ರ ಬಡಿದರೆ ಹೋಗುವುದು ಕಾಲರ್ ಮೂಳೆ. ಆದ್ದರಿಂದ ಎರಡು ಲೈನ್‌ಗಳಲ್ಲಿ ಒಂದು ಟೇಬಲ್‌ಟಾಪ್, ಇನ್ನೊಂದು ಡಬಲ್ ಇದ್ದರೆ, ಪ್ರತಿ ಸುತ್ತಿನಲ್ಲೂ ಅದೇ ವೇಗ ತರಬಲ್ಲೆ ಎಂಬ ಖಾತ್ರಿ ಇರುವವರು ಮಾತ್ರ ಡಬಲ್ ಕಡೆ ಹೋಗಲಿ. ಏರು ಮುಗಿದ ಕೂಡಲೇ ಬರುವ ಡಬಲ್ ಆಗಿದ್ದರೆ ಐದನೇ ಸುತ್ತಿನಲ್ಲಿ ಕಾಲು ಸೋತಿರುತ್ತದೆ, ಆ ವೇಗ ಬರುವುದಿಲ್ಲ.

ರೇಸಿನಲ್ಲಿ ಎತ್ತರ ಹಾರುವುದು ನೋಡುವವರಿಗೆ ಚೆಂದ, ಗಡಿಯಾರಕ್ಕಲ್ಲ. ಗಾಳಿಯಲ್ಲಿದ್ದಾಗ ಪೆಡಲ್ ಇಲ್ಲ, ಬ್ರೇಕ್ ಇಲ್ಲ, ತಿರುಗಿಸುವುದೂ ಇಲ್ಲ. ಟೇಕ್‌ಆಫ್ ಏರುವಾಗ ಮೊಣಕಾಲು ಮಡಿಸಿ ಸೈಕಲ್ ಎದೆಯ ಕಡೆಗೆ ಬರಲು ಬಿಟ್ಟರೆ ಕೆಳಗೇ ಹಾರುತ್ತೀರಿ, ಬೇಗ ಇಳಿಯುತ್ತೀರಿ. ಇಳಿಜಾರು ಮುಟ್ಟಿದ ಕೂಡಲೇ ಕಾಲಿನಿಂದ ಒತ್ತಿದರೆ ಅಲ್ಲಿಂದ ವೇಗವೂ ಸಿಗುತ್ತದೆ. ಇದಕ್ಕೆ ವಿರುದ್ಧವಾದದ್ದು ಗಾಳಿಯಲ್ಲಿ ಮರಗಟ್ಟಿ ನಿಲ್ಲುವುದು. ಮೈ ಬಿಗಿಯಾಗಿದ್ದರೆ ಟೇಕ್‌ಆಫ್‌ನ ಒದೆತ ಹಿಂಚಕ್ರವನ್ನು ಮೇಲಕ್ಕೆ ಎಸೆಯುತ್ತದೆ, ಮೂಗು ಕೆಳಗಾಗುತ್ತದೆ. ಹಿಂದಿನ ಶಾಕ್‌ನ ರೀಬೌಂಡ್, ಅಂದರೆ ಕುಗ್ಗಿದ ಶಾಕ್ ಮತ್ತೆ ಹಿಗ್ಗುವುದು, ತೀರಾ ವೇಗವಾಗಿದ್ದರೂ ಇದೇ ಆಗುವುದು. ಪರೀಕ್ಷೆ ಸುಲಭ: ಸೀಟಿನ ಮೇಲೆ ಕೂತು ಫುಟ್‌ಪಾತ್ ಅಂಚಿನಿಂದ ಮೆಲ್ಲಗೆ ಇಳಿಯಿರಿ. ಸಸ್ಪೆನ್ಷನ್ ಕುಗ್ಗಿ, ಒಮ್ಮೆ ಮೇಲೆದ್ದು ನಿಲ್ಲಬೇಕು. ಎರಡು ಮೂರು ಸಲ ಕುಣಿದರೆ ರೀಬೌಂಡ್ ನಾಬ್ ಒಂದೊಂದೇ ಕ್ಲಿಕ್ ಬಿಗಿಮಾಡಿ.

ಟೈರ್ ಗಾಳಿಗೆ ಒಂದು ಆರಂಭದ ಅಂಕಿ: 65-70 ಕಿಲೋ ತೂಕದವರಿಗೆ 2.3 ಇಂಚಿನ ಟ್ಯೂಬ್‌ಲೆಸ್ ಟೈರಿನಲ್ಲಿ ಮುಂದೆ 22-24 ಪಿಎಸ್‌ಐ, ಹಿಂದೆ 25-27. ಟ್ಯೂಬ್ ಇದ್ದರೆ ಇನ್ನೂ ನಾಲ್ಕೈದು ಸೇರಿಸಿ. ಇಲ್ಲದಿದ್ದರೆ ಬಂಡೆಯ ಏಣಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ಇಳಿದಾಗ ರಿಮ್ಮಿನಿಂದ ಠಣ್ ಅಂತ ಸದ್ದು ಬಂದರೆ ಗಾಳಿ ಕಮ್ಮಿ, ಅಥವಾ ನೀವು ಆರಿಸಿದ ಜಾಗ ಸರಿಯಿಲ್ಲ. ಮುಳ್ಳಿನ ತೂತನ್ನು ಒಳಗಿನಿಂದ ಮುಚ್ಚುವ ದ್ರವ, ಸೀಲೆಂಟ್ ಬಗ್ಗೆ ಹೇಳಬೇಕಿಲ್ಲ. ಬಳ್ಳಾರಿ ಜಾಲಿ ಇರುವ ಊರಿನಲ್ಲಿ ಅದಿಲ್ಲದೆ ಯಾರು ಹೊರಡುತ್ತಾರೆ?

ಇನ್ನೊಂದು ಮಾತು, ಸ್ವಲ್ಪ ಕಟುವಾಗಿ ಕೇಳಿಸಬಹುದು. ದಪ್ಪ ಟೈರಿದ್ದು ಮುಂದೆ ಶಾಕ್ ಇದ್ದ ಮಾತ್ರಕ್ಕೆ ಸೈಕಲ್ ಡ್ರಾಪಿಗೆ ಆಗುವುದಿಲ್ಲ. ಮಾನದಂಡಗಳನ್ನು ರೂಪಿಸುವ ಸಂಸ್ಥೆಯಾದ ಎಎಸ್‌ಟಿಎಂನ ವರ್ಗೀಕರಣದಲ್ಲಿ 2ನೇ ವರ್ಗದ ಸೈಕಲ್ 15 ಸೆಂ.ಮೀ. ಇಳಿತಕ್ಕೆ, 3ನೇ ವರ್ಗದ್ದು 61 ಸೆಂ.ಮೀ.ಗೆ, 4ನೇ ವರ್ಗದ್ದು 122 ಸೆಂ.ಮೀ.ಗೆ. ಫ್ರೇಮಿನ ಸ್ಟಿಕ್ಕರ್ ಅಥವಾ ಜೊತೆಗೆ ಬಂದ ಪುಸ್ತಕ ನೋಡಿ. ನಾವು ಈಗ ನೋಡಿದ ಎಡ ಲೈನ್ 3ನೇ ವರ್ಗದ ಮಿತಿಗೆ ಹೊರಗೇ ಇದೆ. ಅಂಥ ಸೈಕಲ್ಲಿನವರಿಗೆ ನಡುವಿನ 45 ಸೆಂ.ಮೀ. ಲೈನೇ ಸರಿಯಾದ ಲೈನ್. ತಿರುವಿನಲ್ಲಿ ಒಂದೆರಡು ಸೆಕೆಂಡ್ ಹೋಗಲಿ.

ಆ ಸೆಕೆಂಡುಗಳನ್ನೂ ಲೆಕ್ಕ ಹಾಕಬಹುದು. ಕಷ್ಟದ ಎ ಲೈನ್, ಸುತ್ತಿ ಹೋಗುವ ಬಿ ಲೈನ್ ಎರಡನ್ನೂ ಸ್ಟಾಪ್‌ವಾಚ್ ಹಿಡಿದು ಅಳೆಯಿರಿ. ಅಳತೆ ಡ್ರಾಪ್‌ನ ಬುಡಕ್ಕೆ ನಿಲ್ಲಬಾರದು, ಮುಂದಿನ ತಿರುವು ದಾಟಿ ಮತ್ತೆ ಪೆಡಲ್ ತುಳಿಯುವ ಜಾಗದವರೆಗೆ ಇರಬೇಕು. ಎ ಲೈನಿನಿಂದ ಸುತ್ತಿಗೆ 1.8 ಸೆಕೆಂಡ್ ಉಳಿಯಿತು ಅಂದುಕೊಳ್ಳಿ. ಬಿದ್ದು, ಎದ್ದು, ಚೈನ್ ಹಾಕಿಕೊಂಡು ಹೊರಡಲು 40 ಸೆಕೆಂಡ್ ಅಂದುಕೊಳ್ಳಿ. ಆಗ 22 ಸಲಕ್ಕೆ ಒಂದು ಸಲ ಬಿದ್ದರೂ ಲಾಭ ನಷ್ಟ ಸಮ. ಅಭ್ಯಾಸದಲ್ಲಿ ಹತ್ತಕ್ಕೆ ಒಂದು ಸಲ ಎಡವುವವರು ರೇಸಿನಲ್ಲಿ ಎ ಲೈನ್ ಹಿಡಿದರೆ ಸಮಯ ಕಳೆದುಕೊಳ್ಳುತ್ತಾರೆ, ಉಳಿಸುವುದಿಲ್ಲ. ಮೂಳೆ ಮುರಿತವನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ.

ಹಾಗಂತ ಬಿ ಲೈನ್ ಬರೀ ಅಂಜುಬುರುಕರದಲ್ಲ. ಎರಡೂ ಗೊತ್ತಿದ್ದವನ ಕೈ ಮೇಲಾಗುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್, ಎಲಾನ್‌ಕೂರ್ ಗುಡ್ಡ, ಕೊನೆಯ ಸುತ್ತು. ಫ್ರಾನ್ಸಿನ ವಿಕ್ಟರ್ ಕೊರೆಟ್ಸ್ಕಿ ಮುಂದೆ, ಪಂಕ್ಚರ್‌ನಿಂದ ಹಿಂದೆ ಬಿದ್ದು ಮತ್ತೆ ಹತ್ತಿರ ಬಂದಿದ್ದ ಬ್ರಿಟನ್ನಿನ ಟಾಮ್ ಪಿಡ್‌ಕಾಕ್ ಹಿಂದೆ. ಒಂದು ಮರ, ಎರಡೂ ಬದಿಗೆ ದಾರಿ. ಕೊರೆಟ್ಸ್ಕಿ ಒಂದು ಬದಿ ಹಿಡಿದರು, ಪಿಡ್‌ಕಾಕ್ ಇನ್ನೊಂದು ಬದಿಯಿಂದ ನುಗ್ಗಿ ಮುಂದಾದರು. ಚಿನ್ನ ಅವರಿಗೆ ಬಂತು. ಮುಂದಿನವನ ಚಕ್ರದ ಗೆರೆಯನ್ನೇ ಹಿಡಿದು ಹೋಗುವವನಿಗೆ ಆ ಗೆರೆಯಲ್ಲಿ ಮುಂದಿನವನೇ ಅಡ್ಡಿ. ಧೂಳಿನ ದಿನ ಇನ್ನೂ ಕಷ್ಟ, ಅಂಚೇ ಕಾಣುವುದಿಲ್ಲ. ಹಿಂದೆ ಇದ್ದಾಗ ಅವನಿಂದ ಒಂದು ಹ್ಯಾಂಡಲ್ ಅಗಲ ಬದಿಗೆ ಇರುವ ಲೈನನ್ನೂ ಅಭ್ಯಾಸದಲ್ಲೇ ಓಡಿಸಿಟ್ಟಿರಬೇಕು.

ಅಭ್ಯಾಸಕ್ಕೆ ಜಾಗ ಎಲ್ಲಿ ಎಂದು ಶುರುವಿನಲ್ಲೇ ಒಬ್ಬರು ಕೇಳಿದಿರಿ. ಬೆಟ್ಟಗಳಲ್ಲಿ ಬಹುಪಾಲು ಅರಣ್ಯ, ಇಲಾಖೆಯ ಅನುಮತಿ ಇಲ್ಲದೆ ಹೋಗಬೇಡಿ. ದೇವರಾಯನದುರ್ಗದ ಕಡೆ ಕರಡಿ, ಚಿರತೆಗಳೂ ಇವೆ. ಅವಕ್ಕೆ ಯಾವ ಲೈನೂ ಗೊತ್ತಿಲ್ಲ. ಬೆಳೆ ಇಲ್ಲದ ಹೊಲದ ಬದು ಮೊದಲ ಪಾಠಕ್ಕೆ ಸಾಕು, 30-40 ಸೆಂ.ಮೀ. ಇಳಿತ ಸಿಗುತ್ತದೆ. ರೈತರನ್ನು ಕೇಳಿ, ಮುಗಿದ ಮೇಲೆ ಬದು ಸರಿಮಾಡಿ ಬನ್ನಿ. ಕೆರೆ ಏರಿಯ ಮೇಲಿಂದ ಮಾತ್ರ ಬೇಡ. ಚಕ್ರದ ಗೆರೆ ಮಳೆಗೆ ಕೊರಕಲಾಗುತ್ತದೆ, ಏರಿಗೆ ಅದು ಒಳ್ಳೆಯದಲ್ಲ.

ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದೆ.

“ಸರ್, ಬೆಳಗ್ಗೆ ನೋಡಿದ ಲೈನ್ ರೇಸಿನ ಹೊತ್ತಿಗೆ ಹಾಳಾಗಿದ್ದರೆ?”

ಹಾಳಾಗಿಯೇ ಇರುತ್ತದೆ. ಐವತ್ತು ಜನ ಇಳಿದ ಮೇಲೆ ಚಕ್ರ ಮುಟ್ಟುವ ಜಾಗದಲ್ಲಿ ಗುಂಡಿ, ಬ್ರೇಕ್ ಹಿಡಿಯುವ ಜಾಗದಲ್ಲಿ ಅಲೆ ಅಲೆಯಾದ ನೆಲ. ಗುಂಡಿಯ ಆಚೆಯ ತುಟಿಗೆ ಮುಂಚಕ್ರ ಬಡಿಯುವುದೇ ಅಪಾಯ. ಒಂದು ಗೇಣು ಪಕ್ಕಕ್ಕೆ ಸರಿದರೆ ಗಟ್ಟಿ ನೆಲ ಸಿಗುತ್ತದೆ, ಆದರೆ ಆ ಗೇಣನ್ನು ಅಂಚಿಗೆ ಬರುವ ಮೊದಲೇ ಸರಿದಿರಬೇಕು. ಮೊದಲ ಸುತ್ತಿನಲ್ಲಿ ಇಳಿದ ಕೂಡಲೇ ಒಂದು ಕಣ್ಣು ಅತ್ತ ಹಾಯಿಸಿ, ಎರಡನೇ ಸುತ್ತಿಗೆ ಲೈನ್ ಬದಲಿಸಿ.

“ಒಮ್ಮೆ ಜೋರಾಗಿ ಬಿದ್ದ ಮೇಲೆ ಅದೇ ಡ್ರಾಪಿಗೆ ಮತ್ತೆ ಹೋಗುವುದು ಯಾವಾಗ?”

ಮೊದಲು ಸೈಕಲ್ ನೋಡಿ. ಹ್ಯಾಂಡಲ್ ಮುಂಚಕ್ರಕ್ಕೆ ನೇರ ಇದೆಯೇ, ಬ್ರೇಕ್ ಲಿವರ್ ತಿರುಗಿದೆಯೇ, ಚಕ್ರ ಎತ್ತಿ ತಿರುಗಿಸಿದರೆ ರಿಮ್ ಓಲಾಡುತ್ತದೆಯೇ, ಹಿಂದಿನ ಡಿರೇಲರ್ (ಚೈನನ್ನು ಹಲ್ಲಿನಿಂದ ಹಲ್ಲಿಗೆ ಸರಿಸುವ ಭಾಗ) ನೇತುಹಾಕಿದ ಗೇರ್ ಹ್ಯಾಂಗರ್ ಒಳಕ್ಕೆ ಬಾಗಿದೆಯೇ. ಬಾಗಿದ್ದರೆ ದೊಡ್ಡ ಹಲ್ಲಿಗೆ ಗೇರ್ ಹಾಕಿದಾಗ ಡಿರೇಲರ್ ಕಡ್ಡಿಗಳಿಗೆ ಸಿಕ್ಕಿಕೊಳ್ಳುತ್ತದೆ. ತಲೆಗೆ ಪೆಟ್ಟು ಬಿದ್ದಿದ್ದರೆ ಅವತ್ತಿನ ಸವಾರಿ ಅಲ್ಲಿಗೇ ಮುಗಿಯಿತು, ಹೆಲ್ಮೆಟ್ಟೂ ಬದಲಾಗಬೇಕು, ಹೊರಗೆ ಬಿರುಕು ಕಾಣದಿದ್ದರೂ. ಇವೆಲ್ಲ ಸರಿ ಇದ್ದರೆ ಬುಡಕ್ಕೆ ನಡೆದುಕೊಂಡು ಹೋಗಿ ನಿಮ್ಮ ಚಕ್ರದ ಗುರುತು ಹುಡುಕಿ. ಮುಂಚಕ್ರ ಎಲ್ಲಿ ಮುಟ್ಟಿದೆ, ಹಿಂಚಕ್ರ ಎಲ್ಲಿ, ಎರಡೂ ಒಂದೇ ಸಾಲಿನಲ್ಲಿವೆಯೇ ಎಂದು ಗರಸಿನ ಮೇಲೆ ಬರೆದಿಟ್ಟ ಹಾಗೆ ಕಾಣುತ್ತದೆ. ಇನ್ನೊಬ್ಬರು ಅದರ ಮೇಲೆ ಇಳಿದು ಅಳಿಸುವ ಮೊದಲು ನೋಡಿಕೊಳ್ಳಿ.